ಒಂದೇ ಬೀಜ, ಬೇರೆ ನೀರು, ಬೇರೆ ರುಚಿ: ಆಯ್ಸ್ಟರ್ ಸವಿದವರು ಯಾರಾದರೂ ಇದ್ದೀರಾ?

ಕಡಲಿಂದ_ದಾವಣಗೆರೆಗೆ

ಎಲ್ಲರಿಗೂ ನಮಸ್ಕಾರ. ಸಮುದ್ರದಿಂದ ಇಷ್ಟು ದೂರ, ಬೆಣ್ಣೆದೋಸೆ ಊರಿನಲ್ಲಿ ಕೂತು ಆಯ್ಸ್ಟರ್ ಬಗ್ಗೆ ಬರೆಯುತ್ತಿದ್ದೇನೆ. ನಮ್ಮ ಮಾತಿನಲ್ಲಿ ಸಿಂಪಿ. ಹೊರಗೆ ಕಲ್ಲಿನಂಥ ಒರಟು ಚಿಪ್ಪು, ಒಳಗೆ ಮೆತ್ತನೆಯ ಜೀವಿ. ಇದನ್ನು ಊರೂರು ತಿರುಗಿ ರುಚಿ ನೋಡುವ ಹುಚ್ಚು ನನಗೆ ಹತ್ತಿ 20 ವರ್ಷ ಆಯಿತು. ಊರಲ್ಲಿ ಇದರ ಬಗ್ಗೆ ಮಾತಾಡಲು ಒಬ್ಬರೂ ಸಿಕ್ಕಿಲ್ಲ. ಅದಕ್ಕೇ ಇಲ್ಲಿಗೆ ಬಂದೆ.

ನಾನು ಸರಕು ಹಡಗುಗಳ ಇಂಜಿನ್ ರೂಮಿನಲ್ಲಿ ಕೆಲಸ ಮಾಡಿದವನು. ಶುರುವಾದದ್ದು ಅಮೆರಿಕದ ಟಕೋಮಾ ಬಂದರಿನಲ್ಲಿ. ನಮ್ಮ ಫಿಟ್ಟರ್ ಒಬ್ಬ, ಫಿಲಿಪೀನ್ಸ್‌ನವನು, ರಜೆ ಇದ್ದ ಸಂಜೆ ನನ್ನನ್ನು ಎಳೆದುಕೊಂಡು ಹೋದ. ತಟ್ಟೆಯಲ್ಲಿ ಪುಡಿ ಐಸು, ಅದರ ಮೇಲೆ ಆರು ಸಿಂಪಿ. ಮೊದಲನೆಯದನ್ನು ಬಾಯಿಗೆ ಹಾಕಿಕೊಂಡಾಗ ಉಪ್ಪು ಬಂತು. ಆಮೇಲೆ ಎಳೆ ಸೌತೆಕಾಯಿ ಕಡಿದ ಹಾಗೆ ತಂಪು. ಕೊನೆಗೆ ಸಣ್ಣಗೆ ಸಿಹಿ. ಎರಡನೆಯದು ಹಾಗಿರಲಿಲ್ಲ. ಅದು ದಪ್ಪ, ಕೊಬ್ಬಿದ ರುಚಿ. ಇದು ಬೇರೆ ಜಾತಿಯಾ ಅಂತ ಕೇಳಿದೆ. ಅಂಗಡಿಯವನು ಇಲ್ಲ ಅಂದ. ಎರಡೂ ಒಂದೇ ಜಾತಿ, ಪೆಸಿಫಿಕ್ ಸಿಂಪಿ. ಒಂದು ಹುಡ್ ಕೆನಾಲ್‌ನದು, ಇನ್ನೊಂದು ಟೊಟನ್ ಇನ್‌ಲೆಟ್‌ನದು, ಎರಡೂ ಆ ಕಡೆಯ ಸಮುದ್ರದ ಕೊಲ್ಲಿಗಳು. ನೀರು ಮಾತ್ರ ಬೇರೆ.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಯಾಕೆ ಅಂದರೆ ಹಡಗಿನಲ್ಲಿ ನಾವು ಕುಡಿಯುತ್ತಿದ್ದ ನೀರೂ ಸಮುದ್ರದ್ದೇ. ಇಂಜಿನ್ನಿನ ಬಿಸಿಯಲ್ಲಿ ಅದನ್ನು ಆವಿ ಮಾಡಿ ಇಳಿಸುತ್ತಿದ್ದೆವು. ಆ ಯಂತ್ರ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಅದರ ನೀರಿಗೆ ರುಚಿಯೇ ಇರುವುದಿಲ್ಲ. ತಿಂಗಳುಗಟ್ಟಲೆ ಆ ಸಪ್ಪೆ ನೀರು ಕುಡಿದವನಿಗೆ, ಸಮುದ್ರದ ಒಂದು ಮೂಲೆಯ ನೀರಿಗೂ ಇನ್ನೊಂದು ಮೂಲೆಯ ನೀರಿಗೂ ಇಷ್ಟು ರುಚಿ ಇದೆ ಅಂತ ಚಿಪ್ಪಿನಿಂದ ಗೊತ್ತಾದರೆ ಹೇಗಾಗಬೇಕು?

ನಮ್ಮಜ್ಜಿ ಹರಿಹರದವರು. "ತುಂಗಾ ಪಾನ, ಗಂಗಾ ಸ್ನಾನ" ಅಂತ ದಿನಾ ಹೇಳೋರು. ಒಂದು ಗುಟುಕು ಕುಡಿದು ಇದು ಹೊಳೆ ನೀರು, ಇದು ಬಾವಿ ನೀರು, ಇದು ನಿನ್ನೆ ಸೇದಿಟ್ಟಿದ್ದು ಅಂತ ಹೇಳುತ್ತಿದ್ದರು. ನನ್ನ ನಾಲಿಗೆ ಅವರಿಂದ ಬಂದದ್ದು ಅಂತಲೇ ನಂಬಿದ್ದೇನೆ. ಒಂದು ನೋಟ್‌ಬುಕ್ಕಿನಲ್ಲಿ ತಿಂದ ಪ್ರತಿ ಬಗೆಯನ್ನೂ ಬರೆದಿದ್ದೇನೆ. ಇವತ್ತಿಗೆ 43 ಇವೆ. ಕೇಳುವವರಿದ್ದರೆ ಹೇಳುತ್ತೇನೆ.

ಮಂಡಕ್ಕಿ_ಭಟ್ಟಿ

ಅಣ್ಣ, ಹೇಳಿ ಹೇಳಿ. ನಾನು ಮೀನು ತಿನ್ನುತ್ತೇನೆ, ಸಿಂಪಿ ನೋಡೇ ಇಲ್ಲ. ನೀವು ಹೇಳಿದ್ದು ನನಗೆ ಅರ್ಥವಾಯಿತು. ನಮ್ಮ ಮನೆಯಲ್ಲಿ ಮಂಡಕ್ಕಿ ಹುರಿಯುವುದೇ ಕಸುಬು. ಒಂದೇ ತಳಿ ಭತ್ತ ತಂದರೂ ಒಂದು ಕಡೆಯದು ಚೆನ್ನಾಗಿ ಅರಳುತ್ತದೆ, ಇನ್ನೊಂದು ಕಡೆಯದು ಅರಳುವುದಿಲ್ಲ. ಅಪ್ಪ ಬಾಯಿಗೆ ನಾಲ್ಕು ಕಾಳು ಹಾಕಿಕೊಂಡು ಇದು ಭದ್ರಾ ಚಾನೆಲ್ ಗದ್ದೆಯದು, ಇದು ಬೋರ್ ನೀರಿನದು ಅಂತಾರೆ.

ಒಂದು ಅನುಮಾನ. ಇದನ್ನು ಜೀವಂತ ಇರುವಾಗಲೇ ತಿನ್ನುತ್ತಾರಂತೆ, ನಿಜವಾ?

ಕಡಲಿಂದ_ದಾವಣಗೆರೆಗೆ

ಹೌದು ತಮ್ಮ. ಹಸಿಯಾಗಿ ತಿನ್ನುವುದಾದರೆ ತೆರೆಯುವ ತನಕ ಅದಕ್ಕೆ ಜೀವ ಇರಲೇಬೇಕು. ಸತ್ತ ಸಿಂಪಿ ಬೇಗ ಕೆಡುತ್ತದೆ. ಗುರುತಿಸುವುದು ಸುಲಭ. ಜೀವ ಇದ್ದರೆ ಬಾಯಿ ಬಿಗಿದುಕೊಂಡಿರುತ್ತದೆ. ಸ್ವಲ್ಪ ಬಿಟ್ಟಿದ್ದರೂ ಬೆರಳಿನಿಂದ ತಟ್ಟಿದರೆ ಮುಚ್ಚಿಕೊಳ್ಳುತ್ತದೆ. ಮುಚ್ಚದಿದ್ದರೆ ಎಸೆಯಬೇಕು.

ತೆರೆಯುವುದಕ್ಕೆ ಮೊಂಡು ಚೂರಿ ಬೇಕು. ದಪ್ಪ ಬಟ್ಟೆಯಲ್ಲಿ ಸಿಂಪಿ ಹಿಡಿದು, ಚಿಪ್ಪು ಸೇರುವ ಮೊನೆಯಲ್ಲಿ ಚೂರಿ ತೂರಿಸಿ ತಿರುಗಿಸಬೇಕು. ಟಕ್ ಅನ್ನುತ್ತದೆ. ಮೇಲಿನ ಚಿಪ್ಪಿಗೆ ಒಂದು ಗಟ್ಟಿ ಸ್ನಾಯು ಅಂಟಿಕೊಂಡಿರುತ್ತದೆ, ಅದನ್ನು ಕುಯ್ಯಬೇಕು. ಒಳಗಿನ ನೀರು ಚೆಲ್ಲಬಾರದು. ಆ ನೀರೇ ಅರ್ಧ ರುಚಿ.

ಕೆಳಗಿನ ಚಿಪ್ಪು ಮಗುವಿಗೆ ಹಾಲು ಕುಡಿಸುವ ಒಳಲೆಯ ಹಾಗೆ ಇರುತ್ತದೆ. ಮೊದಲು ಮೂಸಬೇಕು. ಆಮೇಲೆ ನೀರನ್ನು ಒಂದು ಗುಟುಕು ಹೀರಬೇಕು. ಆಮೇಲೆ ಮಾಂಸ. ಜಾಸ್ತಿ ಜನ ಹಾಗೇ ನುಂಗುತ್ತಾರೆ, ನನಗೆ ಅದು ಸರಿ ಕಾಣುವುದಿಲ್ಲ. ನಾಲ್ಕೈದು ಸಲ ಅಗಿಯಬೇಕು, ಸಿಹಿ ಬರುವುದು ಅಗಿದಾಗ. ಮೊದಲನೆಯದಕ್ಕೆ ನಿಂಬೆಹಣ್ಣೂ ಬೇಡ, ಖಾರವೂ ಬೇಡ.

ದುರ್ಗದ_ಕೋಟೆ

ನಾನು ಚಿತ್ರದುರ್ಗದವನು, ಸಸ್ಯಾಹಾರಿ. ತಿನ್ನುವ ಮಾತು ಬಿಡಿ, ಆದರೆ ನೀರಿನ ವಿಷಯ ಹಿಡಿಸಿತು. ನಮ್ಮೂರಿನಲ್ಲಿ ಒಂದು ಹೊಂಡಕ್ಕೇ ಸಿಹಿನೀರು ಹೊಂಡ ಅಂತ ಹೆಸರು. ಸುತ್ತ ಎಷ್ಟೋ ಬೋರ್‌ಗಳಲ್ಲಿ ಸವಳು ನೀರು. ನೀರಿಗೆ ಹೆಸರಿಡುವ ಊರಿನವನಿಗೆ ಇದು ಹೊಸದಲ್ಲ.

ನಾನು ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ನೀರು ಬದಲಾದರೆ ಸಿಂಪಿಯ ರುಚಿ ಹೇಗೆ ಬದಲಾಗುತ್ತದೆ? ಸುಮ್ನೆ ಉಪ್ಪು ಹೆಚ್ಚುಕಡಿಮೆ ಆಗುವುದಾ, ಇನ್ನೂ ಏನಾದರೂ ಇದೆಯಾ? ಇನ್ನೊಂದು, ಮನಸ್ಸಿಗೆ ಬಂದದ್ದನ್ನು ಕೇಳಿಬಿಡುತ್ತೇನೆ. ಅದಕ್ಕೆ ನೋವು ಆಗುವುದಿಲ್ಲವಾ?

ಕಡಲಿಂದ_ದಾವಣಗೆರೆಗೆ

ಮೇಷ್ಟ್ರೇ, ಒಳ್ಳೆಯ ಪ್ರಶ್ನೆ.

ಸಿಂಪಿ ಕೂತಲ್ಲೇ ಕೂತಿರುತ್ತದೆ. ಕಿವಿರಿನಿಂದ ನೀರು ಸೆಳೆದು, ಅದರಲ್ಲಿರುವ ಸೂಕ್ಷ್ಮ ಪಾಚಿಯನ್ನು ಸೋಸಿ ತಿಂದು, ನೀರನ್ನು ಹೊರಗೆ ಬಿಡುತ್ತದೆ. ಬೆಳೆದ ಸಿಂಪಿ ಎಲ್ಲ ಅನುಕೂಲವಾಗಿದ್ದರೆ ದಿನಕ್ಕೆ 190 ಲೀಟರ್‌ವರೆಗೂ ಸೋಸಬಲ್ಲದು. ಒಂದು ಬೆರಳುದ್ದದ ಜೀವಿ! ಹಾಗಾಗಿ ಆ ಕೊಲ್ಲಿಯಲ್ಲಿ ಯಾವ ಪಾಚಿ ಇದೆ, ಎಷ್ಟಿದೆ ಅನ್ನುವುದು ಮಾಂಸದಲ್ಲಿ ಕಾಣುತ್ತದೆ. ಟೊಟನ್ ಇನ್‌ಲೆಟ್‌ನಲ್ಲಿ ಪಾಚಿ ಸಮೃದ್ಧ, ಅದಕ್ಕೇ ಅಲ್ಲಿಯದು ಕೊಬ್ಬಿರುತ್ತದೆ.

ಇನ್ನು ಉಪ್ಪು. ಹೊರಗೆ ನೀರು ಹೆಚ್ಚು ಉಪ್ಪಾದರೆ ಅದಕ್ಕೆ ಸರಿದೂಗಿಸಲು ಸಿಂಪಿ ತನ್ನ ಜೀವಕೋಶಗಳೊಳಗೆ ಅಮೈನೋ ಆಮ್ಲಗಳನ್ನು ತುಂಬಿಕೊಳ್ಳುತ್ತದೆ. ಅವುಗಳಲ್ಲಿ ಗ್ಲೈಸಿನ್ ಸಿಹಿ. ಗ್ಲುಟಮೇಟ್ ಅಂದರೆ ಒಳ್ಳೆ ಸಾರಿನಲ್ಲಿ ಬರುವ ಆಳವಾದ ರುಚಿ. ಉಪ್ಪು ನೀರಿನ ಸಿಂಪಿ ಉಪ್ಪಷ್ಟೇ ಆಗಿರದೆ ರುಚಿಯೂ ತುಂಬಿರುವುದಕ್ಕೆ ಇದೇ ಕಾರಣ. ಚಳಿಗಾಲಕ್ಕೆ ಮುಂಚೆ ಅದು ಗ್ಲೈಕೋಜನ್ ಅನ್ನುವ ಪಿಷ್ಟದಂಥ ದಾಸ್ತಾನು ಕೂಡಿಟ್ಟುಕೊಳ್ಳುತ್ತದೆ, ಆಗ ಇನ್ನೂ ಸಿಹಿ. ಬೇಸಿಗೆಯಲ್ಲಿ ಮೊಟ್ಟೆ ತುಂಬಿಕೊಂಡು ಹಾಲುಹಾಲಾಗುತ್ತದೆ. ತಿಂದರೆ ಹಿಟ್ಟಿನ ಗಂಜಿಯಂತೆ. ನನಗೆ ಹಿಡಿಸುವುದಿಲ್ಲ.

ನೋವಿನ ಮಾತು. ಅದಕ್ಕೆ ಮಿದುಳಿಲ್ಲ, ನರಗಳ ಸಣ್ಣ ಗಂಟುಗಳಿವೆ. ಆದರೆ ಹೃದಯ ಇದೆ, ಮುಟ್ಟಿದರೆ ಬಾಯಿ ಮುಚ್ಚುತ್ತದೆ. ಜೀವ ಅನ್ನುವುದರಲ್ಲಿ ಎರಡು ಮಾತಿಲ್ಲ. ನಾನು ತಿನ್ನುವವನು, ಆದರೆ ತಟ್ಟೆಯಲ್ಲಿ ಒಂದನ್ನೂ ಬಿಟ್ಟು ಎದ್ದಿಲ್ಲ.

ಹೊಸಬ

ಅಣ್ಣ, ಅಷ್ಟು ತಿಂದಿದ್ದೀರಲ್ಲ, ಒಂದರಲ್ಲಾದರೂ ಮುತ್ತು ಸಿಕ್ಕಿತಾ?

ಕಡಲಿಂದ_ದಾವಣಗೆರೆಗೆ

ಇಲ್ಲ ಕಣಪ್ಪ. ಸ್ವಾತಿ ಮಳೆ ಹನಿ ಬಿದ್ದರೆ ಸಿಂಪಿಯಲ್ಲಿ ಮುತ್ತಾಗುತ್ತದೆ ಅಂತ ಅಜ್ಜಿ ಹೇಳುತ್ತಿದ್ದರು, ನಿಮ್ಮ ಮನೆಯಲ್ಲೂ ಹೇಳಿರುತ್ತಾರೆ. ಆದರೆ ಮುತ್ತು ಕೊಡುವುದು ಬೇರೆ ಕುಟುಂಬದ ಜೀವಿ. ತೂತುಕುಡಿ ಕಡೆ ಹಿಂದೆ ಮುಳುಗುಗಾರರು ತೆಗೆಯುತ್ತಿದ್ದರಲ್ಲ, ಅದು. ತಿನ್ನುವ ಸಿಂಪಿಯಲ್ಲಿ ಯಾವಾಗಲಾದರೂ ಒಂದು ಹರಳು ಸಿಕ್ಕರೂ ಅದಕ್ಕೆ ಹೊಳಪಿರುವುದಿಲ್ಲ.

ಮಂಡಕ್ಕಿ_ಭಟ್ಟಿ

43ರಲ್ಲಿ ನಿಮಗೆ ಮರೆಯಲಾಗದ್ದು ಯಾವುದು ಅಣ್ಣ?

ಕಡಲಿಂದ_ದಾವಣಗೆರೆಗೆ

ಬೆಲೋನ್. ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದಲ್ಲಿ ಆ ಹೆಸರಿನ ಸಣ್ಣ ನದಿ ಇದೆ. ನಮ್ಮ ಹಡಗು ಬ್ರೆಸ್ಟ್ ಬಂದರಿನಲ್ಲಿ ರಿಪೇರಿಗೆ ನಿಂತಿತ್ತು, ಮೂರು ವಾರ. ಒಂದು ಭಾನುವಾರ ಹೋದೆ. ನದಿ ಸಮುದ್ರ ಸೇರುವ ಕಡೆ ಭರತ ಬಂದರೆ ಉಪ್ಪು ನೀರು, ಇಳಿತವಾದರೆ ಸಿಹಿ ನೀರು. ಎರಡರ ನಡುವೆ ಈ ಸಿಂಪಿ ಬೆಳೆಯುತ್ತದೆ. ಇದು ಯುರೋಪಿನ ಸ್ವಂತ ಜಾತಿ. ತಟ್ಟೆಯ ಹಾಗೆ ಚಪ್ಪಟೆ, ದುಂಡಗೆ.

ರುಚಿ ಹೇಗೆ ಅಂತ ಹೇಳಲಿ? ತಾಮ್ರದ ಚೊಂಬಿನಲ್ಲಿ ರಾತ್ರಿ ಇಟ್ಟ ನೀರನ್ನು ಬೆಳಗ್ಗೆ ಕುಡಿಯುತ್ತೀರಲ್ಲ, ಅದರ ಹತ್ತು ಪಟ್ಟು. ಮೊದಲು ಉಪ್ಪು, ನಡುವೆ ಗೋಡಂಬಿಯ ಹಾಲಿನಂಥದ್ದು, ಆಮೇಲೆ ಲೋಹ. ಆ ಲೋಹದ ರುಚಿ ಬಾಯಲ್ಲಿ ಅರ್ಧ ಗಂಟೆ ಇತ್ತು. ಎಲ್ಲರಿಗೂ ಹಿಡಿಸುವುದಿಲ್ಲ. ನಾನು ನದಿ ದಂಡೆಯ ಕಟ್ಟೆ ಮೇಲೆ ಕೂತು ಒಂದು ಡಜನ್ ತಿಂದೆ. ಯಾರ ಜೊತೆಯೂ ಮಾತಾಡಲಿಲ್ಲ.

ಈ ಜಾತಿಗೆ ಕಷ್ಟ ಬಂದಿದೆ. 1970 ಮತ್ತು 80ರ ದಶಕದಲ್ಲಿ ಎರಡು ರೋಗ ತಗುಲಿ ಫ್ರಾನ್ಸಿನಲ್ಲಿ ಬಹುಪಾಲು ನಾಶವಾಯಿತು. ಅಲ್ಲಿ ಬೆಳೆಯುತ್ತಿದ್ದ ಪೋರ್ಚುಗೀಸ್ ಸಿಂಪಿಯೂ 1970ರ ಸುಮಾರಿಗೆ ವೈರಸ್ಸಿಗೆ ಸತ್ತಿತು. ಜಪಾನಿನಿಂದ ಪೆಸಿಫಿಕ್ ಸಿಂಪಿ ತಂದು ಬಿತ್ತಿದರು. ಇವತ್ತು ಫ್ರಾನ್ಸಿನವರು ತಿನ್ನುವುದರಲ್ಲಿ ಹೆಚ್ಚಿನದು ಆ ಜಪಾನಿನ ಸಂತಾನವೇ. ಆದರೂ ಅದು ಫ್ರಾನ್ಸಿನ ರುಚಿಯಾಗಿಬಿಟ್ಟಿದೆ. ಮಾರೆನ್-ಒಲೆರಾನ್ ಅಂತ ಒಂದು ಕಡೆ ಹಳೆ ಉಪ್ಪಿನ ಗದ್ದೆಗಳಲ್ಲಿ ಕೊನೆಯ ಕೆಲವು ವಾರ ಇಡುತ್ತಾರೆ. ಆ ನೀರಿನಲ್ಲಿ ನೀಲಿ ಬಣ್ಣದ ಒಂದು ಸೂಕ್ಷ್ಮ ಪಾಚಿ ಇದೆ. ಅದನ್ನು ತಿಂದು ಸಿಂಪಿಯ ಕಿವಿರು ಹಸಿರಾಗುತ್ತದೆ. ಹಸಿರು ಇದ್ದರೆ ಕೆಟ್ಟಿದೆ ಅಂತಲ್ಲ, ಬೆಲೆ ಜಾಸ್ತಿ ಅಂತ!

ಇನ್ನು ಕೆಲವನ್ನು ಬೇಗ ಹೇಳಿಬಿಡುತ್ತೇನೆ. ಕುಮಾಮೊಟೊ: ಜಪಾನಿನ ಮೂಲ, ಎರಡನೇ ಮಹಾಯುದ್ಧದ ನಂತರ ಅಮೆರಿಕಕ್ಕೆ ಹೋದದ್ದು. ಸಣ್ಣದು, ಆಳವಾದ ಬಟ್ಟಲು, ಕರಬೂಜದ ಸಿಹಿ. ಹೊಸಬರು ಇದರಿಂದ ಶುರು ಮಾಡಬೇಕು. ಒಲಿಂಪಿಯಾ: ಅಮೆರಿಕದ ಪಶ್ಚಿಮ ಕರಾವಳಿಯ ಸ್ವಂತದ್ದು, ನಾಣ್ಯದಷ್ಟೇ ದೊಡ್ಡದು, ಬೆಲೋನ್‌ನ ತಮ್ಮನಂತೆ ತಾಮ್ರದ ರುಚಿ. ಆಸ್ಟ್ರೇಲಿಯಾದ ನ್ಯೂಕ್ಯಾಸಲ್‌ಗೆ ಕಲ್ಲಿದ್ದಲು ತುಂಬಲು ಹೋದಾಗ ಹತ್ತಿರದ ಪೋರ್ಟ್ ಸ್ಟೀಫನ್ಸ್‌ನಲ್ಲಿ ಸಿಡ್ನಿ ರಾಕ್ ತಿಂದೆ. ಅದು ಬೆಳೆಯಲು ಮೂರು ವರ್ಷದಷ್ಟು ಬೇಕು. ನಿಧಾನವಾಗಿ ಬೆಳೆದದ್ದಕ್ಕೋ ಏನೋ, ರುಚಿಯೂ ನಿಧಾನವಾಗಿ ಬಂದು ನಿಧಾನವಾಗಿ ಹೋಗುತ್ತದೆ. ಹಿರೋಶಿಮಾದಲ್ಲಿ ಕೆಂಡದ ಮೇಲೆ ಚಿಪ್ಪು ಸಮೇತ ಸುಟ್ಟು ಕೊಡುತ್ತಾರೆ. ಜಪಾನಿನಲ್ಲಿ ಅತಿ ಹೆಚ್ಚು ಸಿಂಪಿ ಬೆಳೆಯುವುದು ಅಲ್ಲೇ.

ವೈದ್ಯೆ_ಹರಿಹರ

ಓದಲು ಖುಷಿಯಾಗುತ್ತಿದೆ. ಆದರೆ ವೈದ್ಯೆಯಾಗಿ ಒಂದು ಮಾತು ಹೇಳಲೇಬೇಕು. ಸಿಂಪಿ ನೀರು ಸೋಸುತ್ತದೆ ಅಂದಿರಲ್ಲ, ನೀರಿನಲ್ಲಿರುವ ರೋಗಾಣುಗಳೂ ಅದರಲ್ಲೇ ಸೇರಿಕೊಳ್ಳುತ್ತವೆ. ಚರಂಡಿ ನೀರು ಸೇರುವ ಕಡೆಯದನ್ನು ಹಸಿಯಾಗಿ ತಿಂದರೆ ನೋರೊವೈರಸ್, ಹೆಪಟೈಟಿಸ್ ಎ ಬರಬಹುದು. ಬೆಚ್ಚಗಿನ ಸಮುದ್ರದ ನೀರಿನಲ್ಲಿ ಸಹಜವಾಗಿಯೇ ಇರುವ ವಿಬ್ರಿಯೋ ವಲ್ನಿಫಿಕಸ್ ಅನ್ನುವ ಬ್ಯಾಕ್ಟೀರಿಯಾ ಇನ್ನೂ ಅಪಾಯ. ಲಿವರ್ ತೊಂದರೆ ಇರುವವರಿಗೆ, ಸಕ್ಕರೆ ಕಾಯಿಲೆಯವರಿಗೆ, ರೋಗನಿರೋಧಕ ಶಕ್ತಿ ಕಡಿಮೆ ಇರುವವರಿಗೆ ಅದು ರಕ್ತಕ್ಕೆ ಸೇರಿದರೆ ಜೀವಕ್ಕೇ ಕುತ್ತು. ಗರ್ಭಿಣಿಯರು ಹಸಿ ಸಿಂಪಿ ಮುಟ್ಟಬಾರದು.

ನಿಂಬೆರಸ, ಖಾರ, ಮದ್ಯ ಯಾವುದೂ ಈ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. ಚೆನ್ನಾಗಿ ಬೇಯಿಸಿದರೆ ಮಾತ್ರ ಸಾಯುತ್ತದೆ. ಮೂಸಿದರೆ, ನೋಡಿದರೆ ಗೊತ್ತಾಗುವುದೂ ಇಲ್ಲ.

ಕಡಲಿಂದ_ದಾವಣಗೆರೆಗೆ

ಮೇಡಂ, ಇದನ್ನು ಮೊದಲ ಪೋಸ್ಟಿನಲ್ಲೇ ನಾನು ಬರೆಯಬೇಕಿತ್ತು. ನನಗೇ ಅನುಭವ ಇದೆ. ಒಂದು ಬಂದರು ಊರಿನ ಹೋಟೆಲಿನಲ್ಲಿ ಬೇಸಿಗೆಯಲ್ಲಿ ತಿಂದೆ. ಎಲ್ಲಿಂದ ಬಂದದ್ದು ಅಂತ ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಆಗಲೇ ಎದ್ದು ಬರಬೇಕಿತ್ತು. ಎರಡು ದಿನ ವಾಂತಿ ಭೇದಿ, ಹಡಗು ಹೊರಡುವಾಗ ನಿಲ್ಲಲೂ ಶಕ್ತಿ ಇರಲಿಲ್ಲ. ಅವತ್ತಿನಿಂದ ಯಾವ ನೀರು, ಯಾವತ್ತು ತೆಗೆದದ್ದು ಅನ್ನುವುದಕ್ಕೆ ಉತ್ತರ ಸಿಗದಿದ್ದರೆ ಮುಟ್ಟುವುದಿಲ್ಲ. ಹೊರದೇಶಗಳಲ್ಲಿ ಚೀಲದ ಜೊತೆ ಚೀಟಿ ಇರುತ್ತದೆ, ಅದರಲ್ಲಿ ಬರೆದಿರುತ್ತದೆ. ನಮ್ಮ ಕಡೆ ನಾನು ಬೇಯಿಸಿಯೇ ತಿನ್ನುವುದು.

ನೀರು ಕೆಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ನ್ಯೂಯಾರ್ಕ್ ಸಾಕ್ಷಿ. 19ನೇ ಶತಮಾನದಲ್ಲಿ ಅಲ್ಲಿ ಸಿಂಪಿ ಅಂದರೆ ನಮ್ಮ ಮಂಡಕ್ಕಿ ಮೆಣಸಿನಕಾಯಿ ಇದ್ದ ಹಾಗೆ. ಬೀದಿ ಗಾಡಿಯಲ್ಲಿ, ಬಡವರು ಶ್ರೀಮಂತರು ಎಲ್ಲರೂ ತಿನ್ನುವುದು. ಊರಿನ ಕೊಳಚೆಯೆಲ್ಲ ಬಂದರಿಗೆ ಬಿಟ್ಟರು. 1927ರಲ್ಲಿ ಕೊನೆಯ ಸಿಂಪಿ ಪಾತಿಯನ್ನೂ ಮುಚ್ಚಬೇಕಾಯಿತು. ಈಗ ನೀರನ್ನು ಸೋಸಲಿ ಅಂತ ಅದೇ ಬಂದರಿಗೆ ಮತ್ತೆ ಸಿಂಪಿ ಬಿಡುತ್ತಿದ್ದಾರೆ, ತಿನ್ನಲು ಅಲ್ಲ. ಇದನ್ನು ಓದಿದ ದಿನ ನನಗೆ ಹರಿಹರದ ಹೊಳೆ ನೆನಪಾಯಿತು. ಚಿಕ್ಕವನಿದ್ದಾಗ ಆ ಮರಳಿನಲ್ಲಿ ಕಪ್ಪೆಚಿಪ್ಪು ಆರಿಸುತ್ತಿದ್ದೆವು. ಅಜ್ಜಿ ಒಂದನ್ನು ಕಲ್ಲಿಗೆ ಉಜ್ಜಿ ತೂತು ಮಾಡಿ ಮಾವಿನಕಾಯಿ ಸಿಪ್ಪೆ ಹೆರೆಯೋರು.

ಸೂಳೆಕೆರೆ_ಸೀಮೆ

ನಮ್ಮದು ಚನ್ನಗಿರಿ ತಾಲ್ಲೂಕು, ಅಡಿಕೆ ತೋಟ. ಸಮುದ್ರದ ಚಿಪ್ಪು ನಮ್ಮ ಮನೆಗೂ ಬರುತ್ತಿತ್ತು ಕಣ್ರೀ, ಸುಣ್ಣವಾಗಿ. ನಮ್ಮಮ್ಮ ಎಲೆ ಅಡಿಕೆಗೆ ಚಿಪ್ಪಿನ ಸುಣ್ಣವೇ ಬೇಕು ಅನ್ನೋರು. ಕಲ್ಲು ಸುಣ್ಣ ಬಾಯಿ ಸುಡುತ್ತದೆ ಅಂತ.

ಬಿತ್ತಿದರು ಅಂದಿರಲ್ಲ, ಅದು ಹೇಗೆ? ಸಿಂಪಿಗೆ ಬೀಜ ಎಲ್ಲಿಂದ?

ಕಡಲಿಂದ_ದಾವಣಗೆರೆಗೆ

ರೈತರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದು ಹೆಣ್ಣು ಸಿಂಪಿ ಲಕ್ಷಗಟ್ಟಲೆ, ಕೋಟಿಗಟ್ಟಲೆ ಮೊಟ್ಟೆ ನೀರಿಗೆ ಬಿಡುತ್ತದೆ. ಮರಿಗಳು ಎರಡು ಮೂರು ವಾರ ನೀರಿನಲ್ಲಿ ತೇಲಾಡುತ್ತವೆ. ಆಮೇಲೆ ಗಟ್ಟಿ ಜಾಗ ಹುಡುಕಿ ಅಂಟಿಕೊಳ್ಳುತ್ತವೆ. ಒಮ್ಮೆ ಅಂಟಿದರೆ ಸಾಯುವ ತನಕ ಅಲ್ಲೇ. ಹಳೇ ಸಿಂಪಿ ಚಿಪ್ಪು ಅಂದರೆ ಅವಕ್ಕೆ ಬಹಳ ಇಷ್ಟ. ಹಾಗಾಗಿ ಚಿಪ್ಪುಗಳಿಗೆ ತೂತು ಮಾಡಿ, ಹಗ್ಗಕ್ಕೆ ಪೋಣಿಸಿ ನೀರಿಗೆ ಇಳಿಬಿಟ್ಟರೆ ಮರಿಗಳು ತಾವೇ ಬಂದು ಕೂರುತ್ತವೆ. ನಿಮ್ಮ ಸಸಿ ಮಡಿ ಇದ್ದ ಹಾಗೆ. ಗೊಬ್ಬರ ಬೇಡ, ಮೇವು ಬೇಡ, ಔಷಧಿ ಬೇಡ. ನೀರು ಚೆನ್ನಾಗಿದ್ದರೆ ಸಾಕು.

ಕೇರಳದ ಕೊಲ್ಲಂ ಹತ್ತಿರ ಅಷ್ಟಮುಡಿ ಹಿನ್ನೀರಿನಲ್ಲಿ ಇದನ್ನು ಕಣ್ಣಾರೆ ನೋಡಿದೆ. ಕೊಚ್ಚಿಯ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಕಲಿಸಿದ ಪದ್ಧತಿ. ಹೆಣ್ಣುಮಕ್ಕಳ ಸಂಘಗಳು ಮಾಡುತ್ತವೆ. ಬೆಚ್ಚಗಿನ ನೀರಾದ್ದರಿಂದ ವರ್ಷದೊಳಗೆ ಕೊಯ್ಲಿಗೆ ಬರುತ್ತದೆ. ಫ್ರಾನ್ಸಿನಲ್ಲಿ ಮೂರು ವರ್ಷ ಕಾಯಬೇಕು.

ಕಾಳಿತೀರ

ನಾನು ಕಾರವಾರದವಳು. ಮದುವೆಯಾಗಿ ದಾವಣಗೆರೆಗೆ ಬಂದು ಒಂಬತ್ತು ವರ್ಷ. ನೀವು ಪ್ರಪಂಚವೆಲ್ಲ ಸುತ್ತಿದ್ದೀರಿ, ನಮ್ಮ ಕಾಳಿ ನದಿಯದು ನೋಟ್‌ಬುಕ್ಕಿನಲ್ಲಿ ಇದೆಯಾ?

ನಾವು ಕೊಂಕಣಿಯಲ್ಲಿ ಕಲ್ವಾ ಅಂತೀವಿ. ಇಳಿತದ ಹೊತ್ತಿಗೆ ಹೆಂಗಸರು ಬಂಡೆಯಿಂದ ಬಿಡಿಸಿ ತರುತ್ತಾರೆ. ಸಣ್ಣ ಕಬ್ಬಿಣದ ಸಲಕರಣೆ, ಕೈ ತುಂಬ ಗಾಯ. ನನ್ನ ಆಯಿ ಕೈಯಲ್ಲಿ ಆ ಗೆರೆಗಳು ಇನ್ನೂ ಇವೆ. ಮಳೆಗಾಲದಲ್ಲಿ ತಿನ್ನುವುದಿಲ್ಲ. ಹೊಳೆ ತುಂಬಿ ನೀರು ಸಪ್ಪೆಯಾಗಿರುತ್ತದೆ, ಕಲ್ವಾನೂ ಸಪ್ಪೆ. ನೀರು ಮತ್ತೆ ಉಪ್ಪಾದ ಮೇಲೆ ರುಚಿ. ನಾವು ಯಾರೂ ಹಸಿಯಾಗಿ ತಿಂದವರಲ್ಲ. ತೆಂಗಿನಕಾಯಿ, ಬ್ಯಾಡಗಿ ಮೆಣಸಿನಕಾಯಿ, ಈರುಳ್ಳಿ, ಹುಳಿಗೆ ಕೋಕಂ ಹಾಕಿ ಸುಕ್ಕೆ ಮಾಡುತ್ತೀವಿ. ಕಲ್ವಾ ಬಿಡಿಸುವಾಗ ಬಂದ ನೀರನ್ನು ಸೋಸಿ ಅದಕ್ಕೇ ಹಾಕಬೇಕು, ಉಪ್ಪು ಆಮೇಲೆ ನೋಡಿ ಹಾಕುವುದು.

ಕಡಲಿಂದ_ದಾವಣಗೆರೆಗೆ

ತಂಗಿ, ಇಲ್ಲ. ಕಾರವಾರದ್ದು ನನ್ನ ಪುಸ್ತಕದಲ್ಲಿ ಇಲ್ಲ. ಬ್ರಿಟನಿಯ ನದಿ ಬಾಯಿಗೆ ಹೋದವನು ನಮ್ಮದೇ ರಾಜ್ಯದ ನದಿ ಬಾಯಿಗೆ ಹೋಗಲಿಲ್ಲ. ಓದಿದಾಗಿನಿಂದ ಇದು ಮನಸ್ಸಿಗೆ ಚುಚ್ಚುತ್ತಿದೆ. ಯಾವಾಗ ಹೋದರೆ ಒಳ್ಳೆಯದು?

ಕಾಳಿತೀರ

ಫೆಬ್ರವರಿಯಲ್ಲಿ ನಾವು ಊರಿಗೆ ಹೋಗುತ್ತೀವಿ. ಅಣ್ಣ, ಅತ್ತಿಗೆ ಇಬ್ಬರೂ ಬನ್ನಿ. ಆಯಿಗೆ ಹೇಳಿದ್ದೇನೆ. "ದಾವಣಗೆರೆಯವರು ಕಲ್ವಾ ತಿನ್ನುತ್ತಾರಾ?" ಅಂತ ಮೂರು ಸಲ ಕೇಳಿದರು.

ದುರ್ಗದ_ಕೋಟೆ

ಹೋದರೆ ನನ್ನ ಮಕ್ಕಳಿಗೆ ಒಂದೆರಡು ಚಿಪ್ಪು ತನ್ನಿ ಸರ್. ಪುಸ್ತಕದ ಚಿತ್ರ ಬಿಟ್ಟರೆ ಅವರು ನೋಡಿಲ್ಲ.

ಕಡಲಿಂದ_ದಾವಣಗೆರೆಗೆ

ಹೋಗಿ ಬಂದೆವು. ಹಾವೇರಿ, ಶಿರಸಿ, ಕುಮಟಾ ಮೇಲೆ ಹೋದೆವು. ಬರೆದುಕೊಂಡದ್ದನ್ನು ಹಾಗೇ ಹಾಕುತ್ತೇನೆ.

"ನಮೂದು 44. ಕಾಳಿ ನದಿ, ಸಮುದ್ರ ಸೇರುವ ಕಡೆ. ಬೆಳಗಿನ ಇಳಿತದಲ್ಲಿ ಬಿಡಿಸಿದ್ದು. ಚಿಪ್ಪು ಸಣ್ಣದು, ಅಂಚು ಗರಗಸದಂತೆ. ಹಬೆಯಲ್ಲಿ ಪೂರ್ತಿ ಬೇಯಿಸಿ, ಮಸಾಲೆ ಇಲ್ಲದೆ ಮೂರು. ನೀರು ತಿಳಿ. ಉಪ್ಪು ಬಲವಾಗಿದೆ, ಆದರೆ ಗಂಟಲು ಹಿಡಿಯುವುದಿಲ್ಲ. ಅಗಿದರೆ ಎಳೆ ಜೋಳದ ಹಾಲು. ಲೋಹ ಇಲ್ಲ. ಕೊನೆಯಲ್ಲಿ ಹಸಿ ಮಣ್ಣಿನ ವಾಸನೆ, ಮೊದಲ ಮಳೆ ಬಿದ್ದ ಹಾಗೆ. ಇದು ಬೇರೆ ಯಾವ 43ರಲ್ಲೂ ಇರಲಿಲ್ಲ. ಆಮೇಲೆ ಸುಕ್ಕೆ, ಅನ್ನದ ಜೊತೆ. ಎರಡು ಸಲ ಬಡಿಸಿಕೊಂಡೆ."

ಆಯಿ ಬಂಡೆಯ ಮೇಲೆ ಕೂತು ಚಿಪ್ಪು ಬಿಡಿಸುವುದನ್ನು ಒಂದು ಗಂಟೆ ನೋಡಿದೆ. ನಾನು ಒಂದು ಬಿಡಿಸುವಷ್ಟರಲ್ಲಿ ಅವರು ಎಂಟು ಬಿಡಿಸುತ್ತಿದ್ದರು. ಆಚೆ ಬಂಡೆಯದು ಬೇಡ, ಅಲ್ಲಿ ಹೊಳೆ ನೀರು ಜಾಸ್ತಿ ಬರುತ್ತದೆ, ರುಚಿ ಇರುವುದಿಲ್ಲ ಅಂದರು. ಎರಡು ಬಂಡೆಗೂ ನಡುವೆ ನೂರು ಹೆಜ್ಜೆ ಇರಲಿಲ್ಲ. ಅಜ್ಜಿಯ ಮಾತು ಕೇಳಿದ ಹಾಗೆ ಆಯಿತು.

ಮೇಡಂ, ಎಲ್ಲ ಬೇಯಿಸಿಯೇ ತಿಂದೆವು, ಇಬ್ಬರೂ ಚೆನ್ನಾಗಿದ್ದೇವೆ. ಮೇಷ್ಟ್ರೇ, ಆರು ಚಿಪ್ಪು ತೊಳೆದು ಬಿಸಿಲಲ್ಲಿ ಒಣಗಿಸಿದ್ದೇನೆ, ಬುಧವಾರ ದುರ್ಗದ ಕಡೆ ಬಂದಾಗ ಶಾಲೆಗೆ ತರುತ್ತೇನೆ. ಒಂದರ ಬೆನ್ನ ಮೇಲೆ ಉಗುರಿನಷ್ಟು ಸಣ್ಣ ಮೂರು ಮರಿ ಚಿಪ್ಪು ಅಂಟಿಕೊಂಡಿವೆ. ಅವನ್ನು ಕೀಳದೆ ಹಾಗೇ ಇಟ್ಟಿದ್ದೇನೆ.